ಫ್ರಾಕು ತೊಟ್ಟ ಮಧ್ಯಾಹ್ನ

ಹದಿನೈದರ ಹುಡುಗಿ ಹಿಡಿದ ಹಠ ನಲವತ್ತು ವರ್ಷ ಕಳೆದ ಮೇಲೆ ಮನೆಮಂದಿಗೆಲ್ಲ ನಗುವ ವಿಷಯವಾಗುತ್ತದೆ. ಹಠ ಹಿಡಿದ ದಿನ ಮಾತ್ರ ಯಾರೂ ನಕ್ಕಿರುವುದಿಲ್ಲ. ಅಮ್ಮನ ಪಕ್ಕ ಕೂತು ಅಮೆರಿಕದ ಒಂದು ಚಿತ್ರ ನೋಡಿದಾಗ ನನಗೆ ಇದು ಹೊಳೆಯಿತು.

1994ರಲ್ಲಿ ಅಲ್ಲಿನ ಶೋಟೈಮ್ ಎಂಬ ಟೀವಿ ವಾಹಿನಿ, ಐವತ್ತರ ದಶಕದ ಹುಡುಗ ಹುಡುಗಿಯರ ಪುಂಡಾಟದ ಹಳೆಯ ಸಿನಿಮಾಗಳ ಹೆಸರು ಹಿಡಿದು, ಟೀವಿಗೆಂದೇ ಹತ್ತು ಚಿತ್ರಗಳನ್ನು ಮಾಡಿಸಿತು. ಅದರಲ್ಲೊಂದು ‘ಶೇಕ್, ರ‍್ಯಾಟಲ್ ಅಂಡ್ ರಾಕ್’. ಅಲನ್ ಆರ್ಕುಶ್ ಅದರ ನಿರ್ದೇಶಕ. ನಾಯಕಿ ರೆನೆ ಝೆಲ್ವೆಗರ್ ಆಗಿನ್ನೂ ಹೆಸರು ಮಾಡಿರಲಿಲ್ಲ. ಕಥೆಯ ಹುಡುಗಿಗೆ ರಾಕ್ ಅಂಡ್ ರೋಲ್ ಕುಣಿತದ ಹುಚ್ಚು. ಊರಿನ ಮರ್ಯಾದಸ್ಥ ತಾಯಂದಿರಿಗೆ ಅದು ಕಂಡರಾಗದು. ಆ ತಾಯಂದಿರನ್ನು ನೋಡಿ ನಾವು ನಗಬೇಕು. ನಾನು ನಕ್ಕೆ. ಅಮ್ಮ ನಗಲಿಲ್ಲ.

“ಆ ತಾಯಿಗೆ ಏನು ಭಯ ಇತ್ತೋ, ಅದನ್ನ ತೋರಿಸಲೇ ಇಲ್ಲವಲ್ಲೇ” ಅಂದಳು.

ಅಮ್ಮನ ಐವತ್ತರ ದಶಕ ಕಳೆದದ್ದು ಕೋಲಾರ ಚಿನ್ನದ ಗಣಿಯ ಊರಿನಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಕಟ್ಟಿದ ಊರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಕಂಡ ಊರು. ಒಂದು ಕಡೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಕ್ರಿಸ್‌ಮಸ್ ಡ್ಯಾನ್ಸು. ಇನ್ನೊಂದು ಕಡೆ ಕೂಲಿಕಾರರ ಲೈನು ಮನೆಗಳು. 1956ರ ಕೊನೆಗೆ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಆದರೆ ಆಂಗ್ಲೋ ಇಂಡಿಯನ್ ಮನೆಗಳ ಗ್ರಾಮಫೋನು ಹಾಡುವುದನ್ನು ಬಿಡಲಿಲ್ಲ. ಅಂಥ ಒಂದು ಮನೆಯ ಹುಡುಗಿ ಅಮ್ಮನ ಶಾಲೆಯ ಗೆಳತಿ. ಅವಳಿಗೆ ಮೊಣಕಾಲಿನವರೆಗಿನ ಫ್ರಾಕು, ಅಮ್ಮನಿಗೆ ಲಂಗ ದಾವಣಿ.

ಅದರ ಮರುವರ್ಷ ಒಂದು ದಿನ ಗೆಳತಿಯರು ಮೂವರೂ ಫ್ರಾಕು ತೊಟ್ಟು ಫೋಟೋ ತೆಗೆಸಿಕೊಳ್ಳುವುದೆಂದು ಮಾತಾಯಿತು. ಊರಿನಲ್ಲಿ ತೆಗೆಸಿದರೆ ಸಂಜೆಯೊಳಗೆ ಅಜ್ಜಿಗೆ ಸುದ್ದಿ ಮುಟ್ಟುತ್ತದೆ. ಹಾಗಾಗಿ ಹೊಲಿಗೆ ಕ್ಲಾಸಿನ ನೆಪ ಹೇಳಿ, ಊರ್ಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋದರು. ಸ್ಟುಡಿಯೋದ ಪರದೆಯ ಹಿಂದೆ ಬಟ್ಟೆ ಬದಲಾಯಿಸಿದರು. ಆ ಫೋಟೋ ಈಗಲೂ ಇದೆ. ಮೂವರೂ ನಗು ತಡೆದು ನಿಂತಿದ್ದಾರೆ. ಎರವಲು ಫ್ರಾಕಿನ ಕೆಳಗೆ ಅಮ್ಮನ ಕಾಲಲ್ಲಿ ಗೆಜ್ಜೆ!

ಇಲ್ಲಿಗೇ ಮುಗಿದಿದ್ದರೆ ಟೀವಿಯ ಹಾಸ್ಯಕ್ಕೆ ಸರಿಹೋಗುತ್ತಿತ್ತು. ಆದರೆ ಆ ಮಧ್ಯಾಹ್ನವೇ ಗಣಿಯಲ್ಲಿ ‘ಏರ್‌ಬ್ಲಾಸ್ಟ್’ ಆಯಿತು.

ಗಣಿಯ ಹೆಂಗಸರಿಗೆ ಈ ಪದ ಗೊತ್ತು. ಸಾವಿರಾರು ಅಡಿ ಆಳದಲ್ಲಿ ಅದಿರು ತೆಗೆದು ಪೊಳ್ಳಾದ ಕಡೆ, ಮೇಲಿನ ಭಾರ ತಾಳದೆ ಬಂಡೆ ಸಿಡಿಯುತ್ತದೆ. ಮುಂದೆ ಮೂರು ಕಿಲೋಮೀಟರಿಗಿಂತಲೂ ಕೆಳಗಿಳಿದ ಚಾಂಪಿಯನ್ ರೀಫ್ ಗಣಿ ಆಗಲೇ ಬಹಳ ಆಳವಾಗಿತ್ತು. ಕೆಳಗೆ ಕಲ್ಲು ಸಿಡಿದರೆ ಮೇಲೆ ಅಡುಗೆಮನೆಯ ಪಾತ್ರೆಗಳು ಗಲಗಲ ಅನ್ನುತ್ತವೆ. ಕೆಲವು ಸಲ ಅಷ್ಟಕ್ಕೇ ನಿಲ್ಲುತ್ತದೆ, ಕೆಲವು ಸಲ ಹೆಣ ಬರುತ್ತದೆ. ನಮ್ಮ ತಾತ ಅಲ್ಲಿ ಮೇಸ್ತ್ರಿ. ಅಜ್ಜಿ ಒಲೆ ಹಾಗೇ ಬಿಟ್ಟು ಗಣಿಯ ಬಾಯಿಗೆ ಓಡಿದರು. ತಾತ ಮೇಲೆ ಬರುವ ತನಕ ನಿಂತಿದ್ದು, ಅವರ ಜೊತೆ ಮನೆಗೆ ಬಂದರೆ ಮಗಳಿಲ್ಲ. ಹೊಲಿಗೆ ಕ್ಲಾಸಿನಲ್ಲೂ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಅಮ್ಮ ಬಂದಳು. ಅಜ್ಜಿ ಬೈಯಲಿಲ್ಲ, ಹೊಡೆಯಲೂ ಇಲ್ಲ. “ಕೆಳಗಿಳಿದೋರನ್ನ ಕಾಯೋದೇ ಸಾಕಾಗೈತೆ. ಮೇಲಿರೋಳನ್ನೂ ಕಾಯಕ್ಕೆ ನನ್ನಿಂದ ಆಗಲ್ಲ” ಅಂದರಂತೆ. ಹೈಸ್ಕೂಲು ಮುಗಿಯಲು ಇನ್ನೊಂದೇ ವರ್ಷವಿತ್ತು. ಅಮ್ಮ ಮತ್ತೆ ಶಾಲೆಗೆ ಹೋಗಲಿಲ್ಲ. ಹದಿನೆಂಟಕ್ಕೆ ಮದುವೆಯಾಯಿತು.

ಅಜ್ಜಿಯ ಭಯ ಸುಳ್ಳಲ್ಲ. ಅಮ್ಮನಿಗಾದ ನಷ್ಟವೂ ಸುಳ್ಳಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಕಟ್ಟಿಹಾಕಿದ್ದು ಬರೀ ಮರ್ಯಾದೆಯಲ್ಲ, ಇಂಥ ಭಯ ಕೂಡ. ಮರ್ಯಾದೆಯ ಜೊತೆ ಜಗಳವಾಡಬಹುದು. ಪ್ರೀತಿಯ ಜೊತೆ ಬೆರೆತು ಬಂದ ಭಯದ ಜೊತೆ ಜಗಳವಾಡುವುದು ಹೇಗೆ, ಹೇಳಿ? ಆ ಚಿತ್ರ ತಾಯಂದಿರನ್ನು ಸುಲಭವಾಗಿ ಸೋಲಿಸಿತು. ಭಯ ಹಾಗೆ ಸೋಲುವುದಿಲ್ಲ. ಯಾರೋ ಒಬ್ಬರು ಅದನ್ನು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಂಡು, ಮುಂದಿನವರಿಗೆ ದಾಟಿಸದೆ ಇರಬೇಕು.

ನಮ್ಮ ಮನೆಯಲ್ಲಿ ಆ ಕೆಲಸವನ್ನು ಅಮ್ಮ ಮಾಡಿದಳು. ನಾನು ಕಾಲೇಜಿಗೆಂದು ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವಾಗ, ಗಾಡಿ ತಡವಾದರೆ ಬೀದಿಬಾಗಿಲಲ್ಲಿ ನಿಂತಿರುತ್ತಿದ್ದಳು. ಕೈಯಲ್ಲಿ ಆರಿಸುವ ಅಕ್ಕಿಯ ಮೊರ, ಕಣ್ಣು ಮಾತ್ರ ರಸ್ತೆಯ ಮೇಲೆ. ನಾನು ಒಳಗೆ ಕಾಲಿಟ್ಟರೆ “ಕೈಕಾಲು ತೊಳ್ಕೊ, ಅನ್ನ ಬಿಸಿ ಇದೆ” ಅನ್ನುವಳು. ಒಂದು ದಿನವೂ “ನಾಳೆ ಹೋಗಬೇಡ” ಅನ್ನಲಿಲ್ಲ. ಫ್ರಾಕು ತೊಟ್ಟ ಆ ಮಧ್ಯಾಹ್ನಕ್ಕಿಂತ ಇದೇ ಅವಳ ದೊಡ್ಡ ಹಠ ಎಂದು ನನಗೆ ತೋರುತ್ತದೆ.

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಈಗ ಅಡುಗೆಮನೆಯ ಪಾತ್ರೆಗಳು ಹಾಗೆ ಸದ್ದು ಮಾಡುವುದಿಲ್ಲ. ಕತ್ತಲಿರುವಾಗಲೇ ಎದ್ದು ಬೆಂಗಳೂರಿನ ಕೆಲಸಕ್ಕೆ ರೈಲು ಹಿಡಿಯುವವರಲ್ಲಿ ಹುಡುಗಿಯರೂ ಇದ್ದಾರೆ. ಸೀಟು ಸಿಕ್ಕಿದ ಕೂಡಲೇ ಒಬ್ಬೊಬ್ಬರೂ ಫೋನು ತೆಗೆದು ಮನೆಗೆ ಹೇಳುತ್ತಾರೆ: “ಹತ್ತಿದೆ ಕಣಮ್ಮ, ನೀನು ಸ್ವಲ್ಪ ಮಲಗು.”