ಮುಳಗುಂದದ ದಾರಿ, ಮುಂಭಾರದ ಗಾಡಿ

ಗದಗಿನಿಂದ ನೈಋತ್ಯಕ್ಕೆ ಹೊರಟ ದಾರಿ ಪಟ್ಟಣದ ಗದ್ದಲವನ್ನು ಕಳಚಿಕೊಂಡೊಡನೆ ಎರೆಯ ಬಯಲಿಗೆ ಇಳಿಯುತ್ತದೆ. ಎತ್ತ ನೋಡಿದರೂ ಕಪ್ಪು ನೆಲ. ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ನಡುನಡುವೆ ಹತ್ತಿ ಮತ್ತು ಮೆಣಸಿನಕಾಯಿ. ಮರಗಳು ವಿರಳವಾದುದರಿಂದ ಗಾಳಿಗೆ ತಡೆಯೆಂಬುದಿಲ್ಲ. ಈ ಗಾಳಿಯನ್ನು ಓದುಗರು ತುಸು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದಕ್ಕೊಂದು ಕೆಲಸವಿದೆ. ಸುಮಾರು 20 ಕಿಲೊಮೀಟರು ನಡೆದರೆ ಮುಳಗುಂದ ಬರುತ್ತದೆ. ದಾರಿ ಅಲ್ಲಿಂದ ಲಕ್ಷ್ಮೇಶ್ವರದ ಕಡೆಗೆ ಸಾಗುತ್ತದೆ.

ಊರು ಚಿಕ್ಕದು, ಹೆಸರು ದೊಡ್ಡದು. ರಾಷ್ಟ್ರಕೂಟರ ಕಾಲದ ಶಾಸನದಿಂದ ಮೊದಲುಗೊಂಡು ಇಲ್ಲಿ ಕಲ್ಲುಗಳು ಮಾತಾಡುತ್ತವೆ. ಬಸದಿಗಳಿವೆ, ಸಿದ್ಧೇಶ್ವರನ ಗುಡಿಯಿದೆ. ಮಲ್ಲಿಷೇಣನು ತನ್ನ ಮಹಾಪುರಾಣವನ್ನು 1047ರಲ್ಲಿ ಮುಗಿಸಿದ್ದು ಈ ಊರಿನಲ್ಲಿ. 1112ರ ಸುಮಾರಿಗೆ ‘ಧರ್ಮಾಮೃತ’ವನ್ನು ಬರೆದ ನಯಸೇನನೂ ಮುಳಗುಂದದವನೇ. ಕನ್ನಡದಲ್ಲಿ ಸಂಸ್ಕೃತವನ್ನು ಬೆರಸುವುದು ತುಪ್ಪಕ್ಕೆ ಎಣ್ಣೆ ಬೆರಸಿದಂತೆ ಎಂದು ಹಂಗಿಸಿದ ಮಹಾನುಭಾವ ಆತ. ಹೊಲ, ಮನೆ, ಸಂತೆಗಳಿಂದ ಆತ ಹೆಕ್ಕಿ ತಂದ ಹೋಲಿಕೆಗಳನ್ನು ಓದಿದವರಿಗೆ, ಇಂದಿನ ಮುಳಗುಂದದ ಟ್ರ್ಯಾಕ್ಟರಿನವರು ‘ಹುಕ್ಕು’, ‘ಪಿನ್ನು’, ‘ಟಾಪಲಿಂಕು’ ಎನ್ನುವುದನ್ನು ಕೇಳಿ ಆತ ಮುನಿಯುತ್ತಿದ್ದನೋ, ಇಲ್ಲವೆ ಅವುಗಳಿಂದಲೂ ಒಂದು ಹೋಲಿಕೆ ಕಟ್ಟುತ್ತಿದ್ದನೋ ಎಂಬ ಕುತೂಹಲ ಹುಟ್ಟದಿರದು. ಕಟ್ಟುತ್ತಿದ್ದನೆಂದೇ ತೋರುತ್ತದೆ.

ಕಳೆದ ಮಾಗಿಯಲ್ಲಿ ಈ ಊರಿನ ಒಂದು ವಾಡೆಯ ಮುಂದೆ ನಾಲ್ಕಾರು ಜನ ನೆರೆದಿದ್ದರು. ಮನೆಯ ಹಿರಿಯರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಮೂವತ್ತು ವರ್ಷ ಓಡಿಸಿದ ಪ್ರೀಮಿಯರ್ ಪದ್ಮಿನಿ ಕಾರು ದನದ ಕೊಟ್ಟಿಗೆಯಲ್ಲಿ ಧೂಳು ಹೊದ್ದು ನಿಂತಿತ್ತು. ಅದನ್ನು ಗುಜರಿಗೆ ಕೊಡಲು ತಾಯಿ ಒಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ ಕೆಲಸದಲ್ಲಿರುವ ಮಗ ಅದನ್ನು ಅಲ್ಲಿಯೇ ದುರಸ್ತಿ ಮಾಡಿಸಿ, ತಾಯಿಯನ್ನು ಅದರಲ್ಲಿ ಕೂರಿಸಿ ಊರಿಗೆ ಕರೆತರುವೆನೆಂದು ಮಾತುಕೊಟ್ಟಿದ್ದ. ಕಾರಿಗೆ ಬ್ರೇಕು ಸತ್ತಿತ್ತು. ಆದುದರಿಂದ ಹಗ್ಗ ಕಟ್ಟಿ ಎಳೆಯುವಂತಿರಲಿಲ್ಲ. ಹಾಗೆ ಎಳೆಯುವುದಕ್ಕೂ ಕಟ್ಟಳೆಯುಂಟು. 1989ರ ರಸ್ತೆ ನಿಯಮಗಳು ಎರಡು ವಾಹನಗಳ ನಡುವಿನ ಅಂತರ 5 ಮೀಟರು ಮೀರಬಾರದು, ವೇಗ ಗಂಟೆಗೆ 24 ಕಿಲೊಮೀಟರು ದಾಟಬಾರದು, ಹಿಂದಿನ ಕಾರಿನ ಚುಕ್ಕಾಣಿ ಹಿಡಿಯಲು ಲೈಸೆನ್ಸಿರುವವನೊಬ್ಬ ಕುಳಿತಿರಬೇಕು ಎಂದು ವಿಧಿಸಿದ್ದವು. ಚುಕ್ಕಾಣಿ ಹಿಡಿದವನಿಗೆ ಬ್ರೇಕೇ ಇಲ್ಲದಿದ್ದರೆ ಅವನು ಮಾಡುವುದಾದರೂ ಏನು? ಹಾಗಾಗಿ ಮಗ ಎರಡು ಗಾಲಿಯ ಒಂದು ಟ್ರೇಲರನ್ನು ಗೆಳೆಯನಿಂದ ಎರವು ತಂದು, ತನ್ನ ಮಧ್ಯಮ ಗಾತ್ರದ ಎಸ್‌ಯುವಿಯ ಹಿಂದಿನ ಕೊಂಡಿಗೆ ಸಿಕ್ಕಿಸಿದ್ದ.

ಕಾರು ಕೊಟ್ಟಿಗೆಯಲ್ಲಿ ಗೋಡೆಗೆ ಮುಖಮಾಡಿ ನಿಂತಿತ್ತು. ಅದನ್ನು ಹಿಂದಕ್ಕೆ ಎಳೆದು ಹಾಗೆಯೇ ಟ್ರೇಲರಿನ ಮೇಲೆ ಏರಿಸಲಾಯಿತು. ಕಾರಿನ ಬಾಲ ಎಸ್‌ಯುವಿಯ ಕಡೆಗೆ, ಮುಖ ಹಿಂದಿನ ರಸ್ತೆಯ ಕಡೆಗೆ. ನೋಡುತ್ತ ಕಟ್ಟೆಯ ಮೇಲೆ ಕುಳಿತಿದ್ದ, ಹಿಂದೊಮ್ಮೆ ಹತ್ತಿಯ ಅಂಡಿಗೆಗಳನ್ನು ಚಕ್ಕಡಿಯಲ್ಲಿ ಗದಗಿನ ಪೇಟೆಗೆ ಸಾಗಿಸಿದ್ದ ಮುದುಕನೊಬ್ಬ ಬಾಯಿಬಿಟ್ಟ:

“ತಮ್ಮಾ, ಮಾರಿ ಹಿಂದ ಮಾಡಿ ಕುಂದರಿಸೀಯಲ್ಲ, ಭಾರ ಎಲ್ಲೈತಿ ಅಂತ ನೋಡೀಯೇನು?”

“ಕಾಕಾ, ಇದು ಎತ್ತಿನ ಗಾಡಿ ಅಲ್ಲರಿ.”

“ಎಳೆಯೂದು ಎತ್ತಾದ್ರೇನು, ಇಂಜಿನ್ನಾದ್ರೇನು? ಹಿಂಭಾರ ಆದ್ರ ನೊಗ ಮ್ಯಾಲೇಳತೈತಿ.”

ಮುದುಕನ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿತ್ತು. ಚಕ್ಕಡಿಗೆ ಹೇರು ಹಾಕುವವನು ಮೊದಲು ನೋಡುವುದು ಅಚ್ಚನ್ನು. ಹೇರು ಅಚ್ಚಿನ ಹಿಂದಕ್ಕೆ ಸರಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಗಂಟಲಿಗೆ ಬೀಳುತ್ತದೆ. ತೀರ ಮುಂದಾದರೆ ನೊಗ ಹೆಗಲನ್ನು ಕೊರೆದು ಹುಣ್ಣು ಮಾಡುತ್ತದೆ. ನೊಗದ ಮೇಲೆ ಹಿತವಾಗುವಷ್ಟು ಮುಂಭಾರ ಇರಬೇಕು. ಸಾಗರದಾಚೆ ಟ್ರೇಲರುಗಳನ್ನು ಬಾಡಿಗೆಗೆ ಕೊಡುವವರು ಹೇಳುವುದೂ ಇದನ್ನೇ: ಹೇರಿನ 100ರಲ್ಲಿ 60 ಭಾಗ ಟ್ರೇಲರಿನ ಮುಂದರ್ಧದಲ್ಲಿರಲಿ, ಒಟ್ಟು ತೂಕದ ಹತ್ತನೆಯ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಭಾರ ಕೊಂಡಿಯ ಮೇಲೆ ಕೂತಿರಲಿ. ಪದ್ಮಿನಿಯ ಇಂಜಿನು ಮುಂದಿದೆ. ಮುಖವನ್ನು ಹಿಂದುಮಾಡಿ ಏರಿಸಿದರೆ ಇಂಜಿನಿನ ಕಬ್ಬಿಣವೆಲ್ಲ ಟ್ರೇಲರಿನ ಬಾಲಕ್ಕೆ ಹೋಯಿತು.

ಮಗ ಓದಿದವನು, ನಕ್ಕು ಹೊರಟ. ಊರ ಕೊನೆಯ ಮನೆ ದಾಟಿ ಬಯಲಿಗೆ ಬಂದಾಗ ವೇಗ ಇನ್ನೂ 45 ಕಿಲೊಮೀಟರು. ಎದುರಿಗೆ ಬಂದ ಲಾರಿಯೊಂದು ಹಾದುಹೋಯಿತು. ಅದರ ಬೆನ್ನಿಗೇ ಎರೆಯ ಬಯಲಿನ ಗಾಳಿ ಒಂದು ಪಕ್ಕದಿಂದ ತಳ್ಳಿತು. ಟ್ರೇಲರಿನ ಬಾಲ ಎಡಕ್ಕೆ ಹೊರಳಿತು, ಬಳಿಕ ಬಲಕ್ಕೆ, ಮತ್ತೆ ಎಡಕ್ಕೆ ಇನ್ನೂ ಹೆಚ್ಚಾಗಿ. ಹಾವು ಹರಿದಂತೆ. ಬಾಲ ಒಂದು ಕಡೆಗೆ ಹೊರಳಿದಾಗ ಕೊಂಡಿ ಎಳೆಯುವ ವಾಹನದ ಹಿಂಬದಿಯನ್ನು ಇನ್ನೊಂದು ಕಡೆಗೆ ಜಗ್ಗುತ್ತದೆ. ಒಂದು ತೂಗಾಟ ಮುಂದಿನದಕ್ಕೆ ಬಲ ಕೊಡುತ್ತದೆ. ವೇಗ ಹೆಚ್ಚಿದಷ್ಟೂ ಅದು ತಾನಾಗಿ ಅಡಗುವುದು ಕಷ್ಟ. ಇಂಥ ಗಳಿಗೆಯಲ್ಲಿ ಯಾರಿಗಾದರೂ ಕಾಲು ಬ್ರೇಕಿಗೆ ಹೋಗುವುದು ಸಹಜ. ಅದೇ ಅಪಾಯ. ಮುಂದಿನದು ತಡೆದು ನಿಂತರೆ ಹಿಂದಿನ ಭಾರ ಅದನ್ನು ನೂಕಿ ಮಡಿಚಿ ಹಾಕುತ್ತದೆ. ತಾಯಿ ಪಕ್ಕದಲ್ಲಿ ಕುಳಿತಿದ್ದರು. ಅದೃಷ್ಟವೋ ಬುದ್ಧಿಯೋ, ಮಗ ಚುಕ್ಕಾಣಿಯನ್ನು ನೇರ ಹಿಡಿದು, ಎಕ್ಸಿಲರೇಟರಿನಿಂದ ಕಾಲು ತೆಗೆದು ಸುಮ್ಮನೆ ಕೂತ. ತೂಗಾಟ ಮೆಲ್ಲಮೆಲ್ಲನೆ ಸತ್ತಿತು. ಗಾಡಿ ಜೋಳದ ಹೊಲದ ಪಕ್ಕದಲ್ಲಿ ನಿಂತಾಗ ತಾಯಿ ಒಂದು ಮಾತನ್ನೂ ಆಡಲಿಲ್ಲ; ಕೆಳಗಿಳಿದು ರಸ್ತೆಯ ಬದಿಯಲ್ಲಿ ಕುಳಿತುಬಿಟ್ಟರು.

ಆಳೊಬ್ಬ ಸೈಕಲ್ಲಿನಲ್ಲಿ ಹೋಗಿ ಮುದುಕನನ್ನು ಕರೆತಂದ. ಕಾರನ್ನು ಇಳಿಸಿ, ತಿರುಗಿಸಿ, ಮುಖ ಮುಂದಾಗಿ ಏರಿಸಿದರು. ಮುದುಕನ ಕಣ್ಣು ಆ ಬಳಿಕ ಸರಪಣಿಗಳ ಮೇಲೆ ಬಿತ್ತು. ಅವು ಎರಡೂ ನೇರವಾಗಿ ಜೋತುಬಿದ್ದಿದ್ದವು. ಅವನ್ನು ಮೂಕಿಯ ಕೆಳಗೆ ಒಂದನ್ನೊಂದು ದಾಟಿಸಿ ಕಟ್ಟಿಸಿದ. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಚುಚ್ಚದೆ ತೊಟ್ಟಿಲಿನಲ್ಲಿ ಬಿದ್ದಂತೆ ಸರಪಣಿಯ ಮೇಲೆ ನಿಲ್ಲುವುದು. ನಾಲ್ಕು ಗಾಲಿಗಳಿಗೂ ಪಟ್ಟಿ ಬಿಗಿಸಿದ್ದಾಯಿತು. ಮೊದಲ ನಾಲ್ಕಾರು ಮೈಲಿಯಲ್ಲಿಯೇ ಈ ಪಟ್ಟಿಗಳು ಸಡಿಲುತ್ತವೆ. ಇಳಿದು ಮತ್ತೆ ಬಿಗಿಯದವನು ಹೇರು ಕಟ್ಟಿದವನೇ ಅಲ್ಲ.

ಇಷ್ಟಾದರೂ ಮಗನಿಗೆ ಧೈರ್ಯ ಬರಲಿಲ್ಲ. ನಿಧಾನವಾಗಿ ಊರಿಗೆ ಹಿಂದಿರುಗಿ, ಮೂಟೆಗಳ ಲಾರಿಗಳು ತೂಗುವ ಕಾಟಾದ ಮೇಲೆ ಟ್ರೇಲರನ್ನು ನಿಲ್ಲಿಸಿದ. ಕಾರು ಸುಮಾರು 900 ಕಿಲೊ, ಟ್ರೇಲರಿನ ಸ್ವಂತ ಭಾರ 600ಕ್ಕೆ ಮೇಲು. ಒಟ್ಟು 1,500 ಕಿಲೊ ಮೀರಿತು. ಟ್ರೇಲರಿಗೆ ತನ್ನದೇ ಬ್ರೇಕಿಲ್ಲ. ಯುರೋಪಿನ ದೇಶಗಳಲ್ಲಿ ಬ್ರೇಕಿಲ್ಲದ ಟ್ರೇಲರು 750 ಕಿಲೊ ಮೀರುವಂತಿಲ್ಲ. ಎಸ್‌ಯುವಿಯ ಕೈಪಿಡಿಯನ್ನು ತೆರೆದು ನೋಡಿದರೆ ಎಳೆಯುವ ಭಾರಕ್ಕೆ ಅಲ್ಲಿ ಯಾವ ಅಂಕಿಯೂ ಇರಲಿಲ್ಲ. ಇಂಜಿನಿಗೆ ಎಳೆಯುವ ಕಸುವಿದೆಯೆಂಬುದು ಬೇರೆ, ತಯಾರಿಸಿದವನು ಅನುಮತಿಯಿತ್ತಿದ್ದಾನೆಂಬುದು ಬೇರೆ; ಎಳೆಯುವುದು ಎಲ್ಲ ಇಂಜಿನಿಗೂ ಬರುತ್ತದೆ, ನಿಲ್ಲಿಸುವ ಹೊಣೆ ಬ್ರೇಕಿನದು. ಟ್ರ್ಯಾಕ್ಟರಿನವರು ಕೂಡ ಇದನ್ನು ಮರೆಯುವುದುಂಟು. ಹೊಲದಲ್ಲಿ ತಿರುಗಲು ಬಿಡಿಸಿದ ಎಡ ಬಲದ ಬ್ರೇಕು ಪೆಡಲುಗಳನ್ನು ರಸ್ತೆಗೆ ಬಂದಾಗ ಜೋಡಿಸಿಕೊಳ್ಳದೆ, ಹಿಂದೆ ಟ್ರೇಲರಿನ ತುಂಬ ಜನರನ್ನು ಕೂರಿಸಿ ಶೀಗಿ ಹುಣ್ಣಿಮೆಯ ಚರಗಕ್ಕೆ ಹೊರಡುವವರನ್ನು ಈ ದಾರಿಯಲ್ಲಿ ಕಂಡಾಗ ಎದೆ ಝಲ್ಲೆನ್ನುತ್ತದೆ.

ಮರುದಿನ ಬೆಳಿಗ್ಗೆ ಗದಗಿನಿಂದ ಕಾರುಗಳನ್ನು ಬೆನ್ನ ಮೇಲೆ ಹೊತ್ತೊಯ್ಯುವ ಲಾರಿ ಬಂದಿತು. ಬಾಡಿಗೆ ಮಗನ ಲೆಕ್ಕಕ್ಕಿಂತ ಹೆಚ್ಚೇ ಆಯಿತು. ತಾಯಿ ಟ್ರಂಕಿನಿಂದ ದುಡ್ಡು ತೆಗೆದುಕೊಟ್ಟರು. ಪದ್ಮಿನಿ ಹಲಗೆಯ ಮೇಲೆ ಏರುವಾಗ ಅವರು ಮುಂದೆ ಬಂದು, ಬಾನೆಟ್ಟಿನ ಧೂಳನ್ನು ಸೆರಗಿನಿಂದ ಒರಸಿದರು. ಮುದುಕ ಲಾರಿಯ ಸುತ್ತ ಒಂದು ಸಲ ನಡೆದು, ಒಂದು ಪಟ್ಟಿಯನ್ನು ಕೈಯಿಂದ ತಟ್ಟಿ ನೋಡಿ, ಡ್ರೈವರನಿಗೆ ಹೊರಡಲು ಸನ್ನೆ ಮಾಡಿದ. ಲಾರಿ ಸಿದ್ಧೇಶ್ವರನ ಊರನ್ನು ಬಿಟ್ಟು ಬಯಲಿಗಿಳಿಯಿತು. ಅದರ ಹಿಂದೆ ಎಸ್‌ಯುವಿ, ಎಸ್‌ಯುವಿಯ ಹಿಂದೆ ಖಾಲಿ ಟ್ರೇಲರು ಪ್ರತಿ ಕುಣಿಗೂ ಗಡಗಡ ಸದ್ದು ಮಾಡುತ್ತ ಗದಗಿನ ಕಡೆಗೆ ಹೋದವು.