ಮೊಟ್ಟೆ ಹೊತ್ತ ಸೀಗಡಿ

ಸೀಗಡಿ ಸಾಕಿ ಅದರ ವಂಶ ಬೆಳೆಯುವುದನ್ನು ನೋಡುವ ಸುಖ ಬಲ್ಲವರಿಗೆ, ಶಾಸ್ತ್ರಜ್ಞರು ಮ್ಯಾಕ್ರೋಬ್ರಾಕಿಯಂ ರೋಸೆನ್‌ಬರ್ಗಿ ಎಂದು ಕರೆಯುವ ಸಿಹಿನೀರಿನ ದೈತ್ಯ ಸೀಗಡಿ ಮುಚ್ಚುಮರೆಯಿಲ್ಲದ ಜೀವಿ. ತಲೆ ಎದೆಗಳನ್ನು ಒಟ್ಟಾಗಿ ಹೊದ್ದಿರುವ ಅದರ ಬೆನ್ನುಚಿಪ್ಪು ಅರೆಪಾರದರ್ಶಕವಾದ್ದರಿಂದ, ಹೆಣ್ಣಿನ ಅಂಡಾಶಯ ಬಲಿತಂತೆಲ್ಲ ಅದರ ಕಿತ್ತಳೆ ಬಣ್ಣ ಹೊರಗೇ ಕಾಣುತ್ತದೆ. ಹ್ಯಾಚರಿಯಲ್ಲಿ, ಅಂದರೆ ಮೊಟ್ಟೆಯೊಡೆಸಿ ಮರಿ ಬೆಳೆಸುವ ಕೇಂದ್ರದಲ್ಲಿ, ಪಳಗಿದವರು ಯಾವ ಹೆಣ್ಣು ಸಿದ್ಧವಾಗಿದೆ ಎಂಬುದನ್ನು ತೊಟ್ಟಿಯ ಬಳಿ ನಿಂತೇ ಹೇಳಬಲ್ಲರು.

ಕೂಡುವ ಮುನ್ನ ಹೆಣ್ಣು ಹಳೆಯ ಚಿಪ್ಪನ್ನು, ಸಾಮಾನ್ಯವಾಗಿ ರಾತ್ರಿ ಹೊತ್ತು, ಕಳಚುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಮೆತ್ತಗಿರುವ ಆ ಮೈಯನ್ನು ಉಳಿದ ಸೀಗಡಿಗಳು ಕಿತ್ತು ತಿನ್ನುವ ಅಪಾಯವಿರುವುದರಿಂದ, ನೀಲಿ ಇಕ್ಕಳಗಾಲುಗಳ ದೊಡ್ಡ ಗಂಡು ಅದಕ್ಕೆ ಕಾವಲು ನಿಲ್ಲುತ್ತದೆ. ಆ ಕಾವಲಿನ ಸಂದಿನಲ್ಲೂ ಸಣ್ಣ ಗಂಡುಗಳು ನುಸುಳಿ ಕೂಡುವುದುಂಟು. ಗಂಡು ತನ್ನ ವೀರ್ಯವನ್ನು ಅಂಟುಮುದ್ದೆಯಾಗಿ ಹೆಣ್ಣಿನ ಎದೆಯಡಿ, ನಡೆಗಾಲುಗಳ ನಡುವೆ ಇರಿಸುತ್ತದೆ. ಕೆಲವೇ ಗಂಟೆಗಳಲ್ಲಿ ಹೊರಬರುವ ಮೊಟ್ಟೆಗಳು ಆ ಮುದ್ದೆಯ ಸ್ಪರ್ಶದಿಂದ ಮೈಯ ಹೊರಗೇ ಫಲಿತಗೊಂಡು, ಹೊಟ್ಟೆಯಡಿಯ ಈಜುಗಾಲುಗಳ ರೋಮಗಳಿಗೆ ಕಚ್ಚಿಕೊಳ್ಳುತ್ತವೆ.

ನೋಡುಗರ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ಚೆನ್ನಾಗಿ ಬೆಳೆದ ಹೆಣ್ಣು 80,000ದಿಂದ 1,00,000 ಮೊಟ್ಟೆಗಳನ್ನು ಹೊರಬಲ್ಲದು. ಅಷ್ಟಕ್ಕೂ ಗಾಳಿ ತಲುಪಲೆಂದು ಈಜುಗಾಲುಗಳನ್ನು ಬೀಸಣಿಗೆಯಂತೆ ಆಡಿಸುತ್ತಲೇ ಇರುತ್ತದೆ, ಆಗಾಗ ಮುಂಗಾಲುಗಳನ್ನು ಹಿಂದಕ್ಕೆ ಚಾಚಿ ಸತ್ತ ಮೊಟ್ಟೆಯನ್ನೋ ಕಸವನ್ನೋ ಹೆಕ್ಕಿ ತೆಗೆಯುತ್ತದೆ. ಸುಮಾರು 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರಿನಲ್ಲಿ ಈ ಆರೈಕೆ ಇಪ್ಪತ್ತು ದಿನಗಳ ಆಸುಪಾಸು ನಡೆಯುತ್ತದೆ. ಒಳಗಿನ ಭ್ರೂಣ ಹಳದಿಯನ್ನು, ಎಂದರೆ ತನಗಾಗಿ ಕೂಡಿಟ್ಟ ಆಹಾರವನ್ನು, ಉಂಡು ಬೆಳೆದಂತೆ ಕಿತ್ತಳೆಯ ಮೊಟ್ಟೆ ಮಾಸುತ್ತ ಬೂದುಬಣ್ಣಕ್ಕೆ ತಿರುಗುತ್ತದೆ, ಕಣ್ಣಿನ ಕಪ್ಪು ಚುಕ್ಕೆಗಳು ಮೂಡುತ್ತವೆ. ಬೂದುಬಣ್ಣ ಕಂಡರೆ ಇನ್ನೆರಡು ಮೂರು ದಿನಗಳಲ್ಲಿ ಮರಿಯೊಡೆಯುತ್ತದೆಂದು ತೊಟ್ಟಿಯನ್ನು ಅಣಿಗೊಳಿಸಬೇಕು. ಮೀನುಸಾಕಣೆಯ ಕೆಲಸಗಳಲ್ಲಿ ಇಷ್ಟು ಚೆಲುವಾದ ಲೆಕ್ಕ ಅಪರೂಪ.

ಹುಟ್ಟಿದ ಲಾರ್ವಾ, ಅಂದರೆ ತಾಯಿಯ ರೂಪ ಇನ್ನೂ ಬಾರದ ಮರಿ, ಹೊಟ್ಟೆ ಮೇಲಾಗಿ ಬಾಲ ಮುಂದಾಗಿ ಈಜುತ್ತದೆ. ಸಿಹಿನೀರಿನ ಈ ಪ್ರಾಣಿಯ ಮರಿಗೆ ಉಪ್ಪು ಬೆರೆತ ನೀರು ಬೇಕೇ ಬೇಕು ಎಂಬುದನ್ನು ಮಲೇಷ್ಯಾದ ಪೆನಾಂಗ್‌ನಲ್ಲಿ ಶಾವೋ ವೆನ್ ಲಿಂಗ್ 1961ರಲ್ಲಿ ಕಂಡುಕೊಂಡ ಮೇಲೆಯೇ ಹ್ಯಾಚರಿಗಳು ಸಾಧ್ಯವಾದವು. ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿರುವ ನೀರಿನಲ್ಲಿ ಮರಿ ಹನ್ನೊಂದು ಹಂತಗಳನ್ನು ದಾಟಿ ಸೀಗಡಿಯ ರೂಪ ತಾಳುತ್ತದೆ, ಬಳಿಕ ಸಿಹಿನೀರಿಗೆ ಮರಳುತ್ತದೆ.

ತೊಟ್ಟಿಯಲ್ಲಿ ಮನುಷ್ಯ ಅಳೆದು ಬೆರೆಸುವ ಈ ಉಪ್ಪನ್ನು ನದಿಯಲ್ಲಿ ಹೆಣ್ಣು ತಾನೇ ಅರಸಿ ಹೋಗುತ್ತದೆ. ಕೇರಳದ ಕುಟ್ಟನಾಡಿನ ಹೊಳೆಗಳಿಂದ ಮೊಟ್ಟೆ ಹೊತ್ತು ವೆಂಬನಾಡು ಹಿನ್ನೀರಿನ ಉಪ್ಪುನೀರಿಗೆ ಇಳಿಯುತ್ತಿದ್ದ ಹೆಣ್ಣುಗಳಿಗೂ ಮೇಲಕ್ಕೆ ಹಿಂದಿರುಗಬೇಕಾದ ಮರಿಗಳಿಗೂ, ಭತ್ತದ ಗದ್ದೆಗಳನ್ನು ಉಪ್ಪಿನಿಂದ ಕಾಯಲು ಕಟ್ಟಿದ ತಣ್ಣೀರ್‌ಮುಕ್ಕಂ ಒಡ್ಡು ಅಡ್ಡವಾಯಿತು. ಗದ್ದೆಯ ಅಗತ್ಯ ನಿಜವೇ ಆದರೂ, ಒಡ್ಡಿನ ಬಾಗಿಲುಗಳನ್ನು ತೆರೆದು ಮುಚ್ಚುವ ಪಂಚಾಂಗದಲ್ಲಿ ಬಿತ್ತನೆ ಕೊಯ್ಲುಗಳ ಜೊತೆಗೆ ಸೀಗಡಿಯ ಮೊಟ್ಟೆಯ ದಿನಗಳಿಗೂ ಎಡೆ ಸಿಗಬೇಕು.