ರಾತ್ರಿ ಗಿಡಗಳೂ ಉಸಿರಾಡುತ್ತವೆ

ನಮ್ಮ ಹಾಲ್‌ನಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಮರಳು, ಕಲ್ಲು ಕಳೆದರೆ ಸುಮಾರು 45 ಲೀಟರ್ ನೀರು ಹಿಡಿಸುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ಮಗಳ ಹಟಕ್ಕೆ ತಂದದ್ದು. ಅಂಗಡಿಯವನು ಬಣ್ಣಬಣ್ಣದ ಪ್ಲಾಸ್ಟಿಕ್ ಗಿಡ ತೋರಿಸಿದಾಗ, "ಬೇಡಪ್ಪ, ಮೀನಿಗೆ ಮೋಸ ಮಾಡಿದ ಹಾಗಾಗುತ್ತೆ" ಎಂದಳು. ಸರಿ, ಎಂಟು ಗಪ್ಪಿ ಮೀನುಗಳ ಜೊತೆ ಜೀವಂತ ಗಿಡಗಳೇ ಮನೆಗೆ ಬಂದವು. ಮೋಸದ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಂದದ್ದು ಎರಡು ಅಮೆಜಾನ್ ಸ್ವೋರ್ಡ್, ಒಂದು ಕಟ್ಟು ವ್ಯಾಲಿಸ್ನೇರಿಯಾ, ಒಂದು ಜಾವಾ ಫರ್ನ್. ಹದಿನೈದು ದಿನದಲ್ಲಿ ಸ್ವೋರ್ಡ್ ಗಿಡದ ಎಲೆಗಳು ಬೇಯಿಸಿದ ಬಸಳೆಯಂತಾದವು. ಜಾವಾ ಫರ್ನನ್ನು ನಾನು ಟೊಮೆಟೊ ಸಸಿ ನೆಡುವಂತೆ ಮರಳಲ್ಲಿ ಆಳವಾಗಿ ಹೂತಿದ್ದೆ. ಅದರ ಗಡ್ಡೆಯೇ ಕೊಳೆಯತೊಡಗಿತು. ಬೆಳಕು ಸಾಲದೇನೋ ಎಂದು ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಲೈಟ್ ಉರಿಸಿದೆ. ಗಿಡ ಚಿಗುರಲಿಲ್ಲ, ಗಾಜಿನ ತುಂಬ ಪಾಚಿ ಚಿಗುರಿತು. ಮಗಳೋ ಬೇರು ಬಂದಿದೆಯಾ ಎಂದು ದಿನಕ್ಕೊಮ್ಮೆ ಕಿತ್ತು ನೋಡಿ ಮತ್ತೆ ನೆಡುತ್ತಿದ್ದಳು. ಊರಿಂದ ಬಂದಿದ್ದ ಅಮ್ಮ ಎರಡು ದಿನ ಇದನ್ನೆಲ್ಲ ನೋಡಿ, "ಗಿಡ ಸಾಯ್ತಿರೋದು ನೀರಿಂದಲ್ಲ ಕಣೋ, ನಿಮ್ಮಿಬ್ಬರ ಕೈಯಿಂದ" ಎಂದರು. ಅಮ್ಮನ ಮಾತನ್ನು ಯಾರು ಕೇಳುತ್ತಾರೆ? ನಾನು ಮೊಬೈಲಿನಲ್ಲಿ ವಿಡಿಯೋ ನೋಡಿದೆ.

ನೀರಿನೊಳಗಿನ ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಕೊಟ್ಟರೆ ಭರ್ಜರಿಯಾಗಿ ಬೆಳೆಯುತ್ತದಂತೆ. ಅದಕ್ಕೆ ಸಿಲಿಂಡರೇ ಬೇಕಿಲ್ಲ. ಎರಡು ಲೀಟರಿನ ಖಾಲಿ ಬಾಟಲಿಗೆ ಸಕ್ಕರೆ, ಉಗುರುಬೆಚ್ಚಗಿನ ನೀರು, ಬೇಕರಿಯವರು ಬಳಸುವ ಯೀಸ್ಟ್ ಒಂದು ಚಿಟಿಕೆ. ಮುಚ್ಚಳಕ್ಕೆ ತೂತು ಮಾಡಿ ಸಣ್ಣ ಟ್ಯೂಬು. ಯೀಸ್ಟ್ ಸಕ್ಕರೆಯನ್ನು ಹುಳಿಯಿಸಿದಾಗ ಹುಟ್ಟುವ ಅನಿಲ ಟ್ಯೂಬಿನಲ್ಲಿ ಹಾದು ತೊಟ್ಟಿಗಿಳಿಯುತ್ತದೆ. ಒಂದು ಸಂಜೆ ಇಷ್ಟನ್ನೂ ಮಾಡಿದೆ. ಗುಳ್ಳೆಗಳು ಪುಟಪುಟನೆ ಏಳುವುದನ್ನು ಕಂಡು ಮಗಳು ಚಪ್ಪಾಳೆ ತಟ್ಟಿದಳು. ನನಗೂ ವಿಜ್ಞಾನಿಯಾದಷ್ಟು ಹೆಮ್ಮೆ. ಹಾಗೆಯೇ ಬಿಟ್ಟು ಮಲಗಿದೆವು. ಗುಳ್ಳೆ ಬರುವಾಗ ಬೇರೆ ಏರ್‌ಪಂಪ್ ಯಾಕೆಂದು ಅದನ್ನೂ ಆರಿಸಿಬಿಟ್ಟಿದ್ದೆ.

ಬೆಳಿಗ್ಗೆ ಐದೂವರೆಗೆ ಎದ್ದವನು ನಾನೊಬ್ಬನೇ. ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಮೂರು ಮೀನು ತಳದಲ್ಲಿ ಬಿದ್ದಿದ್ದವು. ಬಾಟಲಿ ಮಾತ್ರ ಇನ್ನೂ ಗುಳ್ಳೆ ಬಿಡುತ್ತಲೇ ಇತ್ತು. ಟ್ಯೂಬ್ ಕಿತ್ತೆಸೆದೆ, ಪಂಪ್ ಹಾಕಿದೆ, ಕಾಲು ಭಾಗ ನೀರು ಬದಲಿಸಿದೆ. ಐದು ಉಳಿದವು. ಸತ್ತ ಮೂರನ್ನು ದಾಸವಾಳದ ಕುಂಡದಲ್ಲಿ ಹೂತೆ, ಬಾಟಲಿಯನ್ನು ಕಸದ ಡಬ್ಬಿಯ ತಳಕ್ಕೆ ತುರುಕಿದೆ.

ಮಗಳು ಎದ್ದು ಎಣಿಸಿ, ಅತ್ತು, ಯಾಕೆಂದು ಕೇಳಿದಳು. "ರಾತ್ರಿ ಮಳೆ ಬಂದು ಚಳಿಯಾಯ್ತಲ್ಲ ಪುಟ್ಟಿ, ತಡೆದುಕೊಳ್ಳಲಿಲ್ಲ" ಎಂದೆ. ಬಾಟಲಿ ಎಲ್ಲಿ ಎಂದದ್ದಕ್ಕೆ, ಸೋರುತ್ತಿತ್ತು ಎಂದೆ. ಒಂದು ಸುಳ್ಳಿಗೆ ಇನ್ನೊಂದು. ಆಮೇಲೆ ಪಾಪ ಅವಳು ದಿನಾ ರಾತ್ರಿ ತೊಟ್ಟಿಗೆ ತನ್ನ ಹಳೇ ಸ್ವೆಟರ್ ಸುತ್ತಿ ಮಲಗತೊಡಗಿದಳು. ಅದನ್ನು ನೋಡುವುದೇ ನನಗೆ ದೊಡ್ಡ ಶಿಕ್ಷೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಎರಡು ತಿಂಗಳು ಕಳೆದಿರಬೇಕು. ಶಾಲೆಯಲ್ಲಿ ಸಸ್ಯಗಳ ಉಸಿರಾಟದ ಪಾಠ ಬಂತು. ಊಟದ ಹೊತ್ತಿಗೆ ಪುಸ್ತಕ ಹಿಡಿದೇ ಬಂದಳು. "ಅಪ್ಪಾ, ಗಿಡಗಳು ಹಗಲು ಆಹಾರ ತಯಾರಿಸುವಾಗ ಮಾತ್ರ ಇಂಗಾಲದ ಡೈಆಕ್ಸೈಡ್ ತಗೊಳ್ಳೋದಂತೆ. ರಾತ್ರಿ ನಮ್ಮ ಹಾಗೇ ಆಮ್ಲಜನಕ ತಗೊಂಡು ಅದನ್ನ ಹೊರಗೆ ಬಿಡ್ತಾವಂತೆ. ಹಾಗಾದ್ರೆ ನಮ್ಮ ಬಾಟಲಿ ರಾತ್ರಿಯೆಲ್ಲ ಯಾರಿಗೋಸ್ಕರ ಗುಳ್ಳೆ ಬಿಡ್ತಿತ್ತು?"

ಕೈಯಲ್ಲಿದ್ದ ತುತ್ತು ತಟ್ಟೆಗೇ ಇಳಿಯಿತು. ಹೇಳಿದೆ. ಮಳೆಯಲ್ಲ, ಚಳಿಯಲ್ಲ, ನಾನು ಎಂದೆ. ಅವಳು ಸಿಟ್ಟಾಗಲಿಲ್ಲ, ಅತ್ತದ್ದೂ ಇಲ್ಲ. ಎದ್ದು ಹೋಗಿ ತೊಟ್ಟಿಯ ಮೇಲಿದ್ದ ಸ್ವೆಟರನ್ನು ಮಡಚಿ ಕಪಾಟಿನಲ್ಲಿಟ್ಟಳು. ಎರಡು ದಿನ ನನ್ನೊಡನೆ ಮಾತಿಲ್ಲ.

ಮಾತಿಲ್ಲದ ಆ ಎರಡು ದಿನ ನಾನು ಓದಿದೆ, ಈ ಸಲ ಸಮಾಧಾನವಾಗಿ. ಯಾನ್ ಇಂಗನ್‌ಹೌಸ್ ಎಂಬ ಡಚ್ ವೈದ್ಯ ನೀರಿನಲ್ಲಿ ಎಲೆಗಳನ್ನು ಮುಳುಗಿಸಿಟ್ಟು, ಬಿಸಿಲಿದ್ದಾಗ ಗುಳ್ಳೆ ಏಳುವುದನ್ನೂ ಕತ್ತಲಾದಾಗ ನಿಲ್ಲುವುದನ್ನೂ ಗಮನಿಸಿದ್ದ. ಗಿಡಗಳು ಬಿಸಿಲಲ್ಲಿ ಗಾಳಿಯನ್ನು ಶುದ್ಧಮಾಡುತ್ತವೆ, ರಾತ್ರಿ ಕೆಡಿಸುತ್ತವೆ ಎಂದು 1779ರಲ್ಲೇ ಪುಸ್ತಕ ಬರೆದಿದ್ದ. ನನಗೆ ತಿಳಿಯಲು ಮೂರು ಮೀನು ಬೇಕಾದವು. ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಸುಮಾರು 1850ರಲ್ಲಿ ಚಿನ್ನದ ಮೀನುಗಳ ಜೊತೆ ಇದೇ ವ್ಯಾಲಿಸ್ನೇರಿಯಾ ಬೆಳೆಸಲು ಹೋದಾಗ ಅವನ ತೊಟ್ಟಿಯ ನೀರೂ ಕೊಳೆತ ಎಲೆಗಳಿಂದ ಕೆಟ್ಟಿತ್ತಂತೆ. ಅವನು ಕೊಳದ ಬಸವನಹುಳುಗಳನ್ನು ತಂದುಬಿಟ್ಟ. ಅವು ಕೊಳೆತದ್ದನ್ನು ತಿಂದು ನೀರನ್ನು ತಿಳಿಯಾಗಿಸಿದವು.

ಸ್ವೋರ್ಡ್ ಗಿಡದ ಗುಟ್ಟೂ ತಿಳಿಯಿತು. ನರ್ಸರಿಗಳಲ್ಲಿ ಇಂಥ ಎಷ್ಟೋ ಗಿಡಗಳನ್ನು ನೀರಿನ ಹೊರಗೇ ಬೆಳೆಸುತ್ತಾರೆ. ಮುಳುಗಿಸಿದ ಮೇಲೆ ಆ ಹಳೆಯ ಎಲೆಗಳು ಹೋಗುವುದು ಸಹಜ. ಬೇರು ಗಟ್ಟಿಯಿದ್ದರೆ ನೀರಿಗೆ ಒಗ್ಗುವ ಹೊಸ ಎಲೆ ಬರುತ್ತದೆ. ಒಂದನ್ನು ನಾನು ಸತ್ತಿತೆಂದು ಎಸೆದಿದ್ದೆ. ಇನ್ನೊಂದರ ಬುಡದಲ್ಲಿ, ಯಾರೂ ಕೈ ಹಾಕದ ಮೇಲೆ, ತೆಳ್ಳಗಿನ ಎರಡು ಎಲೆ ಮೂಡಿವೆ. ಜಾವಾ ಫರ್ನಿನ ಉಳಿದ ಚೂರನ್ನು ಹೂಳದೆ ಕಲ್ಲಿಗೆ ದಾರದಿಂದ ಕಟ್ಟಿದ್ದೇವೆ. ವ್ಯಾಲಿಸ್ನೇರಿಯಾಕ್ಕೆ ಮಾತ್ರ ಬೆಂಗಳೂರಿನ ನಮ್ಮ ಬೋರ್‌ವೆಲ್‌ನ ಗಡಸು ನೀರೇ ಪ್ರೀತಿ. ಒಂದೆಲಗದಂತೆ ಬಳ್ಳಿ ಹಬ್ಬಿಸಿ ಮರಿ ಹಾಕುತ್ತಿದೆ. ಲೈಟು ದಿನಕ್ಕೆ ಏಳೇ ಗಂಟೆ. ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಮ್ಮೆ ಹತ್ತು ಲೀಟರ್ ನೀರು ಬದಲು. ಕಾವೇರಿ ನೀರಾದರೆ ಕ್ಲೋರಿನ್ ಹೋಗಲೆಂದು ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ಟು ಹಾಕುತ್ತೇವೆ. ತೆಗೆದ ನೀರು ದಾಸವಾಳಕ್ಕೆ. ಗೊಬ್ಬರವೆಂದರೆ ಮೀನಿನ ಹಿಕ್ಕೆಯೇ, ಸದ್ಯಕ್ಕೆ ಬೇರೇನೂ ಇಲ್ಲ.

ಬಸವನಹುಳುಗಳನ್ನು ನಾವು ತರಲಿಲ್ಲ. ಗಿಡದ ಜೊತೆ ತಾವಾಗಿ ಬಂದವು. ಗಪ್ಪಿಗಳು ಮರಿ ಹಾಕಿ ಈಗ ಲೆಕ್ಕ ತಪ್ಪಿದೆ.

ಮೂರನೆಯ ದಿನ ಮಗಳು ಮಾತಾಡಿದಳು. ಅದಕ್ಕೂ ಮೊದಲು ತೊಟ್ಟಿಯ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದಳು. ಬಂದವರೆಲ್ಲ ಓದಿ ನಗುತ್ತಾರೆ. ನಾನು ತೆಗೆದಿಲ್ಲ. "ಅಪ್ಪ ಇದರೊಳಗೆ ಏನು ಹಾಕುವುದಿದ್ದರೂ ಮೊದಲು ನನ್ನನ್ನು ಕೇಳಬೇಕು. ಏನಾದರೂ ಆದರೆ ನಿಜ ಹೇಳಬೇಕು."